ತೊವ್ವೆಗೆ ಬಡಿಸಿದ ಶಿಯಾ ಬೆಣ್ಣೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆಗೆಂದೇ ಒಂದು ಜಾಗವಿದೆ. ಮೇಲಿನ ಅರೆಯ ಎಡಮೂಲೆಯಲ್ಲಿ, ಮುಚ್ಚಳ ಎಂದೂ ನೆಟ್ಟಗೆ ಕೂರದ ಒಂದು ಸ್ಟೀಲ್ ಡಬ್ಬಿ. ಆ ಮೂಲೆಯಲ್ಲಿ, ಅದೇ ಡಬ್ಬಿಯಲ್ಲಿ, ನಸುಹಳದಿ ಬಣ್ಣದ ಮುದ್ದೆಯೊಂದು ಕುಳಿತಿದ್ದರೆ ಅದನ್ನು ಬೆಣ್ಣೆ ಎನ್ನದೆ ಇನ್ನೇನೆನ್ನಬೇಕು, ನೀವೇ ಹೇಳಿ. ನಾನೂ ಬೆಣ್ಣೆ ಎಂದುಕೊಂಡೆ. ಬಾಣಲೆಗೆ ಹಾಕಿ ತುಪ್ಪ ಕಾಯಿಸಲು ಒಲೆಯ ಮೇಲಿಟ್ಟೆ.

ಬೆಣ್ಣೆ ಕಾಯುವಾಗ ಅದಕ್ಕೊಂದು ಮಾತುಕತೆ ಇರುತ್ತದೆ. ಮೊದಲು ಗುಳುಗುಳು ಎನ್ನುತ್ತದೆ, ನೊರೆ ಉಕ್ಕಿಸುತ್ತದೆ, ಚಟಪಟ ಎಂದು ಜಗಳವಾಡುತ್ತದೆ, ಕೊನೆಗೆ ಸದ್ದಡಗಿ ತಳದಲ್ಲಿ ಕೆಂಪನೆಯ ಗಸಿ ಬಿಡುತ್ತದೆ. ಇದು ಒಂದು ಮಾತೂ ಆಡಲಿಲ್ಲ. ಸುಮ್ಮನೆ ಕರಗಿ, ತಿಳಿಯಾಗಿ, ನನ್ನ ಮುಖವನ್ನೇ ನೋಡುತ್ತಾ ನಿಂತಿತು. ಹೊಗೆಯದೋ ಸುಟ್ಟ ಬೀಜದ್ದೋ ಎಂಬಂಥ ವಾಸನೆ ಬೇರೆ. ಈಗಿನ ಹಾಲಿಗೆ ಏನು ಬೆರೆಸುತ್ತಾರೋ ಎಂದು ಗೊಣಗಿಕೊಂಡು ಒಂದಿಷ್ಟು ನುಗ್ಗೆಸೊಪ್ಪು ಹಾಕಿ ಇಳಿಸಿದೆ. ವಾಸನೆ ಹೋಗಲಿಲ್ಲ. ಆದರೂ ಬಿಸಿ ಅನ್ನಕ್ಕೆ ತೊವ್ವೆ ಹಾಕಿ, ಮೇಲೆ ಅದನ್ನೇ ಬಡಿಸಿ ಮಗಳ ಮುಂದಿಟ್ಟೆ.

ಮಗಳು ಸಂಧ್ಯಾ ಹೆರಿಗೆಗೆಂದು ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದಳು. ಅರ್ಧ ತಟ್ಟೆ ಖಾಲಿಯಾದ ಮೇಲೆ ತಲೆ ಎತ್ತಿದಳು.

“ಅಮ್ಮ, ತುಪ್ಪ ಯಾಕೋ ಕಡ್ಲೇಬೀಜ ಸೀದಂಗಿದೆಯಲ್ಲ?”

“ಈಗ್ತಾನೆ ಕಾಯ್ಸಿದ್ದು ಕಣೇ. ಸುಮ್ನೆ ತಿನ್ನು.”

“ಕಾಯ್ಸಕ್ಕೆ ಬೆಣ್ಣೆ ಎಲ್ಲಿತ್ತು? ನಿನ್ನೇನೇ ಮುಗೀತು ಅಂದ್ಯಲ್ಲ?” ಎಂದವಳು ಒಮ್ಮೆ ತಟ್ಟೆಯನ್ನು ಮೂಸಿ, ಒಮ್ಮೆ ಫ್ರಿಜ್ಜಿನ ಕಡೆ ನೋಡಿ, “ಅಯ್ಯೋ ಅಮ್ಮ! ಅದು ನನ್ನ ಸೋಪಿನ ಬೆಣ್ಣೆ!” ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಸಂಧ್ಯಾ ಮನೆಯಲ್ಲೇ ಸೋಪು ಮಾಡಿ ಮಾರುತ್ತಾಳೆ. ಅದಕ್ಕೆಂದು ತಂದ ಶಿಯಾ ಬೆಣ್ಣೆಯ ಪ್ಲಾಸ್ಟಿಕ್ ಕವರು ಹರಿದುಹೋಗಿತ್ತಂತೆ, ತೊಳೆದಿಟ್ಟಿದ್ದ ನನ್ನ ಬೆಣ್ಣೆ ಡಬ್ಬಿಗೆ ಅದನ್ನು ತುಂಬಿಟ್ಟಿದ್ದಳು. ನನಗೆ ನಗು ಬರಲಿಲ್ಲ. ಎಂಟನೇ ತಿಂಗಳ ಬಸುರಿಗೆ ನಾನು ಸೋಪಿನ ಸಾಮಾನು ಉಣ್ಣಿಸಿದ್ದೆ. ಅದೂ ಎಂಥ ಬಸುರಿ! ಹಿಂದೆ ಎರಡು ಸಲ ಅವಳ ಬಸಿರು ನಿಲ್ಲದೆ ಹೋಗಿತ್ತು. ಈ ಮೂರನೆಯದನ್ನು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಇಷ್ಟು ದೂರ ಬಂದಿರುವಾಗ ನನ್ನ ಕೈಯಾರೆ ಏನಾದರೂ ಆಗಿಬಿಟ್ಟರೆ?

ಡಾಕ್ಟರಿಗೆ ಫೋನು ಮಾಡಿಸಿದೆ. ಅವರು ಎರಡು ಸಲ ಕೇಳಿಸಿಕೊಂಡು, ಒಂದು ಚಮಚ ತಾನೆ, ಏನೂ ಆಗಲ್ಲ, ಹೊಟ್ಟೆ ಕೆಟ್ಟರೆ ಹೇಳಿ ಎಂದರು. ಅವರ ದನಿಯಲ್ಲಿ ನಗು ಇದ್ದದ್ದರಿಂದ ನನಗೆ ನಂಬಿಕೆ ಬರಲಿಲ್ಲ. ಗಾಬರಿ ಬಿದ್ದ ಡಾಕ್ಟರರನ್ನು ಮಾತ್ರ ನಾನು ನಂಬುವುದು. ಮಾರನೆಯ ದಿನ ಅರಿಸಿನ ಕುಂಕುಮ ತರಬೇಕು ಎಂದು ಸುಳ್ಳು ಹೇಳಿ, ಆಟೋ ಹಿಡಿದು, ಸಂಧ್ಯಾ ಆ ಬೆಣ್ಣೆ ಕೊಂಡಿದ್ದ ಮಾಮೂಲ್‌ಪೇಟೆಯ ಅಂಗಡಿಗೆ ಹೋದೆ. ಮಣಿ, ದಾರ, ಟಿಕಲಿ ಮಾರುವ ಗಲ್ಲಿಯಲ್ಲಿ ಒಳಗೊಳಗೆ ಹೋದರೆ ಸೋಪಿನ ಅಚ್ಚು, ಸುಗಂಧದೆಣ್ಣೆ ಎಲ್ಲ ಇಟ್ಟ ಪುಟ್ಟ ಅಂಗಡಿ. ಅಂಗಡಿಯವರು ನನ್ನ ಕಥೆಯನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

“ಅಮ್ಮ, ನಾನು ಸೋಪಿಗೆ ಅಂತ ಕೊಡೋದು. ಜನ ಮುಖಕ್ಕೆ ಹಚ್ಕೋತಾರೆ, ಕೂದ್ಲಿಗೆ ಹಚ್ಕೋತಾರೆ, ಹಿಮ್ಮಡಿ ಒಡೆದ್ರೆ ಹಚ್ಕೋತಾರೆ. ಅನ್ನಕ್ಕೆ ಹಾಕ್ಕೊಂಡೋರು ನೀವೇ ಫಸ್ಟು.”

“ಏನಾದ್ರೂ ಆಗುತ್ತಾ ಅಂತ ಕೇಳ್ತಿದೀನಿ.”

“ಆಗೋದಿದ್ರೆ ನಿನ್ನೇನೇ ಆಗ್ಬಿಡ್ತಿತ್ತಲ್ಲ. ಇರ್ಲಿ, ರುಚಿ ಹೆಂಗಿತ್ತು?”

ಅರಿಸಿನ ಕುಂಕುಮ ಕೊಳ್ಳುವುದನ್ನು ಮರೆತು ಬರಿಗೈಯಲ್ಲಿ ಮನೆಗೆ ಬಂದೆ. ಸಂಧ್ಯಾ ನನ್ನ ಮುಖ ನೋಡುತ್ತಲೇ ಎಲ್ಲಿಗೆ ಹೋಗಿದ್ದೆನೆಂದು ಊಹಿಸಿಬಿಟ್ಟಳು. “ಬಾ ಇಲ್ಲಿ, ಅದು ಎಲ್ಲಿಂದ ಬರುತ್ತೆ ಅಂತ ತೋರಿಸ್ತೀನಿ. ಆಗ್ಲಾದ್ರೂ ನಿಂಗೆ ಸಮಾಧಾನ ಆಗುತ್ತಾ ನೋಡೋಣ,” ಎಂದು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ಒಂದು ವಿಡಿಯೋ ಹಾಕಿದಳು.

ಆಫ್ರಿಕಾದ ಘಾನಾ ದೇಶದ ಯಾವುದೋ ಹಳ್ಳಿ. ಒಣಗಿದ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮರ. ಯಾರೂ ನೆಟ್ಟದ್ದಲ್ಲ, ತಾನಾಗಿ ಬೆಳೆದದ್ದು. ಅದು ನಮ್ಮ ಇಪ್ಪೆ ಮರದ ಬಳಗ, ಸಪೋಟಕ್ಕೂ ನೆಂಟಸ್ತನ ಎಂದು ಸಂಧ್ಯಾ ವಿವರಿಸಿದಳು. ಸಪೋಟ ಎಂದ ಕೂಡಲೇ ನನಗೆ ಸ್ವಲ್ಪ ಧೈರ್ಯ ಬಂತು. ಮಳೆಗಾಲ ಶುರುವಾಗುವಾಗ ಹಣ್ಣು ತಾವಾಗಿ ಉದುರುತ್ತವೆ. ಹೆಂಗಸರು ಬೆಳಗಾಗುತ್ತಲೇ ಹೋಗಿ ಆರಿಸಿ ತರುತ್ತಾರೆ. ಸಿಹಿ ತಿರುಳನ್ನು ಮಕ್ಕಳು ತಿಂದು ಬೀಜ ಉಗುಳುತ್ತವೆ. ಆ ಬೀಜ ಸಪೋಟ ಬೀಜದ ದೊಡ್ಡಣ್ಣ, ಕಂದು ಬಣ್ಣ, ಮಿರಮಿರ ಮಿಂಚುತ್ತದೆ. ಅದನ್ನು ಬೇಯಿಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಕುಟ್ಟಿ ಸಿಪ್ಪೆ ಬಿಡಿಸಿ, ಒಳಗಿನ ಕಾಳನ್ನು ಹುರಿದು, ಪುಡಿ ಮಾಡಿ, ನುಣ್ಣಗೆ ಅರೆಯುತ್ತಾರೆ. ಅಲ್ಲಿಗೆ ಅದು ಕಪ್ಪು ಕೆಂಪಿನ ಗಟ್ಟಿ ಅಂಬಲಿಯ ಹಾಗಾಗುತ್ತದೆ.

“ಹರಳೆಣ್ಣೆ ತೆಗೆಯೋ ಥರಾನೇ ಇದೆಯಲ್ಲೇ!” ಎಂದೆ.

“ಇಲ್ಲಿಂದ ಬೇರೆ. ನೋಡು.”

ಹೆಂಗಸರು ದೊಡ್ಡ ಬೇಸಿನ್ನುಗಳ ಮುಂದೆ ಕೂತರು. ಅರೆದದ್ದಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟುಕೊಂಡು, ಮೊಣಕೈವರೆಗೆ ಕೈ ಇಳಿಸಿ, ಬಡಿಯತೊಡಗಿದರು. ಬಡಿದರು, ಬಡಿದರು, ಬಡಿಯುತ್ತಲೇ ಇದ್ದರು. ಅದು ಕಂದುಬಣ್ಣದಲ್ಲೇ ಇತ್ತು. ನನಗೆ ಒಳಗೊಳಗೇ ಕಳವಳ ಶುರುವಾಯಿತು. ಇಷ್ಟು ಕಷ್ಟಪಟ್ಟ ಮೇಲೂ ಬೆಣ್ಣೆ ಬಾರದೆ ಹೋದರೆ ಇವರ ಗತಿ ಏನು? ಗುರುತು ಪರಿಚಯವಿಲ್ಲದ, ನನ್ನ ಮಾತು ಕೇಳಿಸದ, ಎಂದೋ ಬಡಿದು ಮುಗಿಸಿ ಮನೆಗೆ ಹೋಗಿರುವ ಆ ಹೆಂಗಸರಿಗಾಗಿ ನಾನು ಸೆರಗಿನ ತುದಿ ಹಿಂಡುತ್ತಾ ಕೂತಿದ್ದೆ. ಅಷ್ಟರಲ್ಲಿ ಆಚೆಯಿಂದ ಯಾರೋ ಏನೋ ಕೂಗಿದರು. ಬೇಸಿನ್ನಿನ ಮುಂದಿದ್ದವಳು ಕೈ ನಿಲ್ಲಿಸದೆ ಏನೋ ಉತ್ತರ ಕೊಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ಕೆಳಗೆ ಇಂಗ್ಲಿಷಿನಲ್ಲಿ ಬಂದ ಸಾಲನ್ನು ಸಂಧ್ಯಾ ಓದಿ ಹೇಳಿದಳು.

“‘ಬಂತಾ?’ ಅಂತ ಕೇಳ್ತಿದಾರೆ. ಇವಳು ‘ಇನ್ನೂ ಇಲ್ಲ, ಕೇಳ್ತಾ ಇರು’ ಅಂತಿದಾಳೆ.”

“ಕೇಳ್ಬಿಟ್ರಾ?” ನಾನು ಬೆಚ್ಚಿಬಿದ್ದೆ. “ಕೈ ಒಳಗಿರೋವಾಗ್ಲೇ ಕೇಳ್ಬಿಟ್ರಾ?”

“ಕೇಳಿದ್ರೆ ಏನಮ್ಮ?”

ಏನೂ ಆಗಲಿಲ್ಲ. ನೋಡನೋಡುತ್ತಿದ್ದಂತೆ ಕಂದು ಬೂದುಬಣ್ಣವಾಯಿತು, ಬೂದು ಬಿಳಿಯಾಯಿತು, ಮೊಸರು ಕಡೆದಾಗ ಬರುವಂತೆ ಬೆಣ್ಣೆ ಮೇಲೆದ್ದು ಬಂತು. ಅದನ್ನು ಬೊಗಸೆಯಲ್ಲಿ ಎತ್ತಿ, ನೀರಿನಲ್ಲಿ ತೊಳೆದು, ಕಾಯಿಸಿ, ಮೇಲೆ ನಿಂತ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಆರಲು ಬಿಟ್ಟರು. ಗಟ್ಟಿಯಾದದ್ದು ನಾನು ತೊವ್ವೆಗೆ ಬಡಿಸಿದ್ದ ಅದೇ ನಸುಹಳದಿ ಮುದ್ದೆ. ಅವರು ಅದರಲ್ಲೇ ಅಡುಗೆ ಮಾಡುತ್ತಾರೆ, ದೀಪ ಹಚ್ಚುತ್ತಾರೆ, ಕೊನೆಗೆ ಒಬ್ಬಳು ಅದನ್ನೇ ಅಂಗೈಯಲ್ಲಿ ಕರಗಿಸಿ ತನ್ನ ಎಳೆಗೂಸಿನ ಕಾಲಿಗೆ ತಿಕ್ಕುತ್ತಿದ್ದಳು. ನೋಡಿದ್ಯಾ, ತಿನ್ನೋದೇ ಅದು ಎಂದು ಸಂಧ್ಯಾ ಗೆದ್ದವಳ ಹಾಗೆ ನೋಡಿದಳು. ನನ್ನ ತಲೆಯಲ್ಲಿ ಮಾತ್ರ ಬೇರೆ ಮಾತು ಕೊರೆಯುತ್ತಿತ್ತು. ಕೇಳಿದರೂ ಬಂತಲ್ಲ!

ನನಗೆ ಇದು ಏಕೆ ಅಷ್ಟು ದೊಡ್ಡ ವಿಷಯ ಎಂದು ನಿಮಗೆ ತಿಳಿಯಬೇಕಾದರೆ ನಮ್ಮಜ್ಜಿಯನ್ನು ಕರೆತರಬೇಕು. ನಾನು ಬೆಳೆದದ್ದು ಇದೇ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಅಪ್ಪ ಬಿನ್ನಿಪೇಟೆಯ ಮಿಲ್ಲಿಗೆ ಹೋಗುತ್ತಿದ್ದರು. ಮಿಲ್ಲಿನ ಸೈರನ್ನು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು, ಅನ್ನಕ್ಕಿಡುವುದು, ಅನ್ನ ಬಸಿಯುವುದು ಎಲ್ಲ ಅದರ ಕೂಗಿನ ಮೇಲೆಯೇ ನಡೆಯುತ್ತಿತ್ತು. ವಠಾರದಲ್ಲಿ ಯಾರಿಗೆ ಮಗು ಹುಟ್ಟಿದರೂ ಹರಳೆಣ್ಣೆ ತೆಗೆಯುವವರು ನಮ್ಮಜ್ಜಿಯೇ. ಮಗುವಿನ ನೆತ್ತಿಗೆ ಅದೇ ಎಣ್ಣೆ, ಬಾಣಂತಿಯ ಅಂಗಾಲಿಗೆ ಅದೇ ಎಣ್ಣೆ, ಕಣ್ಣಿಗೆ ಹಚ್ಚುವ ಕಾಡಿಗೆಯ ದೀಪಕ್ಕೂ ಅದೇ. ಆದರೆ ಮಗು ಹುಟ್ಟಿ ಅತ್ತಿತು ಎಂಬ ಸುದ್ದಿ ಬರುವ ತನಕ ಅಜ್ಜಿ ಹರಳಿನ ಡಬ್ಬದ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ. ಬಸುರಿ ಇರುವ ಮನೆಯಲ್ಲಿ ಹರಳೆಣ್ಣೆ ಇರಕೂಡದು, ಅಪ್ಪಿತಪ್ಪಿ ಹೊಟ್ಟೆಗೆ ಹೋದರೆ ಹೊತ್ತಿಗೆ ಮುಂಚೆ ನೋವು ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇನ್ನೂ ಬಾರದ ಮಗುವಿಗೆ ಎಣ್ಣೆ ಕಾಯಿಸಿಟ್ಟರೆ ವಿಧಿಯ ಕಿವಿಗೆ ಬಿದ್ದುಬಿಡುತ್ತದೆ ಎಂಬ ಭಯ ಅದು.

ಸುದ್ದಿ ಬಂತೆಂದರೆ ಹಿತ್ತಲಲ್ಲಿ ಕಲ್ಲು ಹೂಡಿ ಒಲೆ ಎದ್ದಿತೆಂದೇ ಲೆಕ್ಕ. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ತುಂಬ ನೀರು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸುವುದು. ಹಸಿ ಹರಳಿನ ಮೈಮೇಲೆ ಎಷ್ಟು ಚೆಂದದ ಚಿತ್ತಾರವೆಂದರೆ, ನಾನೊಮ್ಮೆ ಮಣಿಯೆಂದು ಬಾಯಿಗೆ ಹಾಕಿಕೊಳ್ಳಲು ಹೋಗಿ ಅಜ್ಜಿಯ ಕೈಯಲ್ಲಿ ಬೆನ್ನಿಗೆ ಸರಿಯಾಗಿ ತಿಂದಿದ್ದೇನೆ. ಹಸಿಯದು ವಿಷ, ಪ್ರಾಣಕ್ಕೇ ಅಪಾಯ. ಉಳಿದ ಹಿಂಡಿಯನ್ನು ಕೂಡ ದನಕ್ಕೆ ಹಾಕದೆ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ಆಮೇಲೆ ನನಗೆ ಬೇರೆ ಕೆಲಸ ಕೊಟ್ಟರು. ಹಿತ್ತಲಿಗೆ ಹೋಗುವ ಓಣಿಯ ಮೆಟ್ಟಿಲ ಮೇಲೆ ಕೂತು, ಯಾರನ್ನೂ ಒಳಗೆ ಬಿಡದಿರುವುದು. ಏಕೆಂದರೆ ಎಣ್ಣೆ ಮೇಲೇಳುವ ಹೊತ್ತಿನಲ್ಲಿ ಯಾರೂ ಪಾತ್ರೆಯ ಮುಂದೆ ನಿಂತು ‘ಬಂತಾ?’ ಎಂದು ಕೇಳಬಾರದು. ಕೇಳಿದರೆ ಎಣ್ಣೆ ಮುನಿಸಿಕೊಂಡು ತಳದಲ್ಲೇ ಕೂತುಬಿಡುತ್ತದೆ.

ಒಂದು ಸಲ ಮಲ್ಲೇಶ್ವರದಿಂದ ನಮ್ಮ ಸರೋಜತ್ತೆ, ಎಂದರೆ ಅಪ್ಪನ ತಂಗಿ, ಬಂದವರೇ ನನ್ನನ್ನು ದಾಟಿಕೊಂಡು ಹಿತ್ತಲಿಗೆ ನುಗ್ಗಿ, “ಏನಮ್ಮ, ಎಣ್ಣೆ ಬಂತಾ?” ಎಂದುಬಿಟ್ಟರು. ಅಜ್ಜಿ ಸೌಟು ಕೆಳಗಿಟ್ಟರು. ಪಾತ್ರೆಗೆ ತಟ್ಟೆ ಮುಚ್ಚಿ ಗೋಡೆಗೆ ಒರಗಿ ಕೂತರು. ಅವತ್ತು ಎಣ್ಣೆ ಬಂದದ್ದು ಮಗುವಿಗೆ ಹಾಲು ಕುಡಿಸುವ ಒಂದು ಒಳಲೆಯಷ್ಟು ಮಾತ್ರ. ಹರಳು ಹಳೆಯದಿದ್ದಿರಬೇಕು, ಈಗ ಯೋಚಿಸಿದರೆ ಹಾಗನ್ನಿಸುತ್ತದೆ. ಆದರೆ ಸರೋಜತ್ತೆಗೆ ಬಂದ ಹೆಸರು ಕೊನೆಯವರೆಗೂ ಹೋಗಲಿಲ್ಲ. ಯಾರ ಮದುವೆಯಲ್ಲಿ ಹೋಳಿಗೆ ಸಾಲದೆ ಬಂದರೂ ಜನ ಮೊದಲು ಅವರ ಕಡೆ ತಿರುಗಿ ನೋಡುತ್ತಿದ್ದರು.

ಹೀಗೆ ನಮ್ಮದು ಕೇಳದವರ ಮನೆತನವಾಯಿತು. ಬಸ್ಸು ನಿಲ್ದಾಣದಲ್ಲಿ ಅಪ್ಪ ಬಸ್ಸು ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನನ್ನ ಪರೀಕ್ಷೆಯ ಫಲಿತಾಂಶ ಬರುವ ದಿನ ಅಮ್ಮ ಏನನ್ನೂ ಕೇಳದೆ ಒಂದು ರಾಶಿ ಪಾತ್ರೆ ತಿಕ್ಕಲು ಹಾಕಿದ್ದರು. ಗಂಡಿನ ಕಡೆಯವರು ನೋಡಿ ಹೋದ ಮೇಲೂ ಒಪ್ಪಿಗೆಯಾಯಿತೇ ಎಂದು ಯಾರೂ ಕೇಳಲಿಲ್ಲ, ಅವರೇ ಹೇಳಿಕಳಿಸಿದ್ದರಿಂದ ನನ್ನ ಮದುವೆ ನಡೆಯಿತು. ಸರ್ಕಾರಿ ಕಚೇರಿಯಲ್ಲಿ ಟಪಾಲು ವಿಭಾಗದಲ್ಲಿದ್ದೆ, ಬಡ್ತಿಯ ಬಗ್ಗೆ ಬಾಯಿ ಬಿಡಲಿಲ್ಲ, ಹೀಗಾಗಿ ಟಪಾಲು ವಿಭಾಗದಲ್ಲೇ ನಿವೃತ್ತಳಾದೆ. ಕೇಳದೆ ಇರುವುದೇ ಕಾಪಾಡುವುದು ಎಂದು ನನ್ನ ರಕ್ತಕ್ಕೇ ಇಳಿದುಹೋಗಿತ್ತು.

ಈಗ ಸಂಧ್ಯಾ ಮನೆಯಲ್ಲಿದ್ದಳು. ಹೊಟ್ಟೆಯಲ್ಲಿ ಮಗು ಆಡುತ್ತಿದೆಯೇ ಎಂದು ಕೇಳಲು ನನಗೆ ದಿನವಿಡೀ ನಾಲಿಗೆ ತುರಿಸುತ್ತಿತ್ತು. ಕೇಳುತ್ತಿರಲಿಲ್ಲ. ನಿದ್ದೆ ಬಂತಾ ಎನ್ನುತ್ತಿದ್ದೆ, ಕಾಲು ಊದಿದೆಯಾ ಎನ್ನುತ್ತಿದ್ದೆ, ಕಾಫಿಗೆ ಸಕ್ಕರೆ ಸರಿ ಇದೆಯಾ ಎನ್ನುತ್ತಿದ್ದೆ. ಸುತ್ತೂ ಸುತ್ತುತ್ತಿದ್ದೆ, ಬಾಗಿಲು ಮಾತ್ರ ತಟ್ಟುತ್ತಿರಲಿಲ್ಲ. ಒಂದು ಬೆಣ್ಣೆಯ ವಿಷಯಕ್ಕೆ ಮಾಮೂಲ್‌ಪೇಟೆಗೆ ಹೋಗಿ ಗುರುತಿಲ್ಲದವರನ್ನು ಕೇಳಿ ಬಂದವಳಿಗೆ ಪಕ್ಕದ ಕೋಣೆಯ ಮಗಳನ್ನು ಕೇಳಲು ಬಾಯಿ ಬರುತ್ತಿರಲಿಲ್ಲ.

ಆದರೆ ಒಂದು ಉಪಾಯ ಕಂಡುಕೊಂಡಿದ್ದೆ. ತೊವ್ವೆಯ ಪ್ರಸಂಗವಾದ ಮೇಲೆ ಸಂಧ್ಯಾ ದಿನವೂ ತಿಂಡಿ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಚರ್ಮ ಬಿರಿದ ಗೆರೆಗಳಾಗದಿರಲಿ ಎಂದು ಹೊಟ್ಟೆಗೆ ಶಿಯಾ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಉಗುರಿನಷ್ಟು ತೆಗೆದು ಅಂಗೈಯಲ್ಲಿ ಉಜ್ಜಿದರೆ ಮೈಶಾಖಕ್ಕೇ ಕರಗುತ್ತದೆ ಅದು. ಆ ಕೈ ಹೊಟ್ಟೆಯ ಮೇಲೆ ಸುತ್ತುತ್ತಿದ್ದಂತೆ ಒಳಗಿನವರು ಎದ್ದು ಒದೆಯುತ್ತಿದ್ದರು. ಒಮ್ಮೆ ಇಲ್ಲಿ ಉಬ್ಬು, ಒಮ್ಮೆ ಅಲ್ಲಿ ಉಬ್ಬು. ಮಲ್ಲೇಶ್ವರದಲ್ಲಿ ತರಕಾರಿ ವ್ಯಾಪಾರ ಮಾಡುವ ಅಳಿಯ ಮಂಜುನಾಥ ದಿನಾ ಒಂದು ಹೊರೆ ಸೊಪ್ಪು ಕಳಿಸುತ್ತಿದ್ದ. ಅದನ್ನು ಬಿಡಿಸುವ ನೆಪದಲ್ಲಿ ನಾನು ಎದುರಿಗೆ ಕೂತು ಓರೆಗಣ್ಣಲ್ಲಿ ನೋಡುತ್ತಿದ್ದೆ. ಉಬ್ಬು ಕಂಡಿತೆಂದರೆ ಅವತ್ತಿನ ಸೊಪ್ಪಿನ ಹುಳಿಗೆ ಉಪ್ಪು ಖಾರ ಹದವಾಗಿರುತ್ತಿತ್ತು.

ಒಂದು ಸಂಜೆ ಅವಳಿಗೆ ಬಯಕೆಯಾಗಿ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋದೆವು. ಜನ ತಾಗಿಬಿಟ್ಟರೆ, ನೀರು ಕೆಟ್ಟಿದ್ದರೆ, ಎಣ್ಣೆ ಹಳೆಯದಾಗಿದ್ದರೆ ಎಂದು ನಾನು ಅವಳ ಸುತ್ತ ಬೇಲಿಯ ಹಾಗೆ ನಡೆಯುತ್ತಿದ್ದೆ. ಅವಳು ಅಕ್ಕಿರೊಟ್ಟಿ ತಿನ್ನುತ್ತಾ ಇದ್ದಕ್ಕಿದ್ದಂತೆ, “ಅಯ್ಯೋ, ಏನು ಒದೀತು ಅಮ್ಮ!” ಎಂದಳು. ಕೇಳಿಸದವಳಂತೆ ನಾನು ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿಯನ್ನು ಅರ್ಧಕ್ಕೆ ಕಚ್ಚಿದೆ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. ಖಾರ ಎಂದು ಹೇಳಿಕೊಳ್ಳಲು ಅನುಕೂಲವೂ ಆಯಿತು.

ಆ ವಿಡಿಯೋ ನೋಡಿ ಒಂದು ವಾರವಾಗಿತ್ತೋ ಏನೋ. ತಿಂಡಿಯಾದ ಮೇಲೆ ಎಂದಿನಂತೆ ಅವಳು ಕಿಟಕಿಯ ಪಕ್ಕ, ನಾನು ದಂಟಿನ ಸೊಪ್ಪಿನ ಮುಂದೆ. ಅವಳ ಕೈ ಹೊಟ್ಟೆಯ ಮೇಲೆ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಉಬ್ಬು ಕಾಣಲಿಲ್ಲ. ಡಬ್ಬಿಯಿಂದ ಇನ್ನೂ ಸ್ವಲ್ಪ ತೆಗೆದುಕೊಂಡಳು. ತೆಗೆದದ್ದನ್ನು ಹಚ್ಚದೆ ಹಾಗೇ ಹಿಡಿದುಕೊಂಡು ಕೂತಳು. ಅದು ಕರಗಿ ಬೆರಳ ಸಂದಿಯಿಂದ ಇಳಿದು ನೈಟಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

ನನ್ನೊಳಗಿನಿಂದ ಅಜ್ಜಿ, ಕೇಳಬೇಡ, ಕೇಳಬೇಡ ಎನ್ನುತ್ತಿದ್ದರು. ಕೇಳದಿದ್ದರೆ ಸರಿಹೋಗುತ್ತದೆ, ಸ್ವಲ್ಪ ಹೊತ್ತು ಸುಮ್ಮನಿರು, ಸೊಪ್ಪು ಬಿಡಿಸು. ನಾನು ಸೊಪ್ಪು ಬಿಡಿಸಿದೆ. ದಂಟನ್ನು ಬುಟ್ಟಿಗೂ ಎಲೆಯನ್ನು ಕಸಕ್ಕೂ ಹಾಕುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಗ ಆ ಬೇಸಿನ್ನಿನ ಮುಂದಿನ ಹೆಂಗಸು ಕಣ್ಣಿಗೆ ಕಟ್ಟಿದಳು. ಮೊಣಕೈವರೆಗೆ ಕೈ ಇಳಿಸಿಕೊಂಡು, ಇನ್ನೂ ಇಲ್ಲ, ಕೇಳ್ತಾ ಇರು ಎಂದು ನಕ್ಕವಳು. ಸೊಪ್ಪನ್ನು ಹಾಗೇ ಬಿಟ್ಟು ಎದ್ದು ಮಗಳ ಎದುರಿಗೆ ಹೋಗಿ ನಿಂತೆ.

“ಸಂಧ್ಯಾ, ಮಗು ಆಡ್ತಾ ಇದೆಯೇನೇ?”

ಅವಳು ಜಿಡ್ಡು ಕೈಯಲ್ಲೇ ನನ್ನ ಸೆರಗು ಹಿಡಿದುಕೊಂಡಳು. “ಬೆಳಿಗ್ಗೆಯಿಂದ ಇಲ್ಲ ಅಮ್ಮ.”

“ಯಾಕೆ ಹೇಳ್ಲಿಲ್ಲ?”

“ನೀನು ಹೆದರ್ಕೋತೀಯಾ ಅಂತ. ಇವಾಗ ಒದೆಯುತ್ತೆ, ಇವಾಗ ಒದೆಯುತ್ತೆ ಅಂತ ಕಾಯ್ತಾ ಇದ್ದೆ. ನೀನಾಗೇ ಕೇಳಿದ್ರೆ ಹೇಳ್ಬಿಡೋಣ ಅಂತ ಕೂತಿದ್ದೆ.”

ಹಾಗಾದರೆ ಬೆಳಗಿನಿಂದ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೆವು. ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಆಟೋದಲ್ಲಿ ಕೂತ ಮೇಲೆ ನನ್ನ ಬಾಯಿ ಕಟ್ಟೆಯೊಡೆದ ಹಾಗಾಯಿತು. ಇಡೀ ಜನ್ಮದಲ್ಲಿ ಕೇಳದೆ ಉಳಿಸಿಕೊಂಡದ್ದೆಲ್ಲ ಒಂದೇ ಸಲ ಬಂದಂತೆ, ಈಗ? ಈಗ? ಎಂದು ಕೇಳುತ್ತಲೇ ಹೋದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಆಟೋದವರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು.

“ಏನಮ್ಮ, ಈಗೇನಾದ್ರೂ ಆಡ್ತಾ?” ಎಂದು ಅವರೂ ಕೇಳಿದರು.

“ಇಲ್ಲಪ್ಪ.”

“ಆಡುತ್ತೆ ಬಿಡಿ. ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದವರು ಸಿಗ್ನಲ್ ಬಿಟ್ಟ ಕೂಡಲೇ ಹಾರ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದರು.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ, ಹೊಟ್ಟೆಯ ಮೇಲೆ ಬಿಲ್ಲೆಯಂಥದ್ದೊಂದನ್ನು ಇಟ್ಟು ಅತ್ತಿತ್ತ ಆಡಿಸಿದರು. ಶಿಯಾ ಬೆಣ್ಣೆಯ ಜಿಡ್ಡಿಗೆ ಅದು ಜಾರುತ್ತಿತ್ತು. ನರ್ಸು ಏನಮ್ಮ ಇದು, ತುಪ್ಪ ಸುರ್ಕೊಂಡಿದೀರಾ ಎಂದು ಗದರುತ್ತಾ ಒರೆಸಿದಳು. ಮೊದಲು ಬರೀ ಗೊರಗೊರ. ಆಮೇಲೆ ದೂರದ ಹಿಟ್ಟಿನ ಗಿರಣಿಯ ಹಾಗೆ ದಬದಬ ಎಂದು ಮಗುವಿನ ಎದೆಬಡಿತದ ಸದ್ದು ಬಂತು. ನಾನು ಗೋಡೆ ಹಿಡಿದುಕೊಂಡೆ. ಸದ್ದು ಇತ್ತು, ಆದರೆ ನಡುನಡುವೆ ಸೋಲುತ್ತಿತ್ತು. ಡಾಕ್ಟರು ಈ ಸಲ ನಗಲಿಲ್ಲ. ಒಳ್ಳೇ ಟೈಮಿಗೆ ಬಂದಿದೀರಿ, ಇವತ್ತೇ ಹೊರಗೆ ತೆಗೆದುಬಿಡೋಣ ಎಂದರು. ನಂಬಬಹುದಾದ ಡಾಕ್ಟರು ಎಂದು ಆಗ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಹೆದರಿದೆ.

ಮಂಜುನಾಥ ಅಂಗಡಿಯಿಂದ ಹಾಗೇ ಓಡಿಬಂದಿದ್ದ. ಅಂಗಿಯ ಮೇಲೆ ಕೊತ್ತಂಬರಿ ಎಲ್ಲ ಅಂಟಿಕೊಂಡಿತ್ತು. ಆಪರೇಷನ್ ಕೋಣೆಯ ಎದುರಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ, ಪಾಪ, ಅವನೂ ಏನೂ ಕೇಳುವ ಜಾತಿಯವನಲ್ಲ. ನಾನು ಕೂರಲಿಲ್ಲ. ಬಾಗಿಲು ಒಂದು ಸಂದು ತೆರೆದರೂ ಹೋಗಿ ನಿಂತು, “ಬಂತಾ?” ಎಂದೆ. ಇಲ್ಲ ಎಂದರು. ಮತ್ತೆ ತೆರೆಯಿತು, ಮತ್ತೆ ಹೋದೆ.

“ಅಮ್ಮ, ಕೂತ್ಕೊಳ್ಳಿ. ಆದ್ರೆ ನಾವೇ ಬಂದು ಹೇಳ್ತೀವಿ,” ಎಂದಳು ನರ್ಸು.

“ನೀವು ಹೇಳಿ ತಾಯಿ. ನಾನು ಕೇಳ್ತಾ ಇರ್ತೀನಿ.”

ಕೊನೆಗೆ ಒಳಗಿನಿಂದ ಬಂದ ಅಳು ಬೆಕ್ಕಿನ ಮರಿಯದಕ್ಕಿಂತ ದೊಡ್ಡದಾಗಿರಲಿಲ್ಲ. ಹೆಣ್ಣುಮಗು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಏನೋ ಹೇಳಹೊರಟರು, ಸಂಧ್ಯಾ ಬಗ್ಗೆ ಕೇಳಿ ಅವರ ಮಾತನ್ನು ತುಂಡರಿಸಿದೆ. ಆ ವಾಕ್ಯದ ಉಳಿದರ್ಧ ನನಗೆ ಇವತ್ತಿಗೂ ಬೇಡ.

ಮಗುವನ್ನು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನಾನು ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದೆ. ಹಾಲು ಕುಡಿಯಿತಾ, ಉಸಿರು ಸರಿ ಇದೆಯಾ, ಬಣ್ಣ ಹೀಗೇಕಿದೆ ಎಂದು ಕೇಳಿ ಕೇಳಿ ಅಲ್ಲಿನ ನರ್ಸುಗಳಿಗೆಲ್ಲ ನಾನೊಂದು ಕಾಟವಾಗಿಬಿಟ್ಟೆ. ಕೇಳಿದ್ದಕ್ಕೆ ಉತ್ತರ ಒಳ್ಳೆಯದೇ ಬರುತ್ತದೆ ಎಂಬ ಭರವಸೆಯೇನೂ ನನಗೆ ಬಂದಿಲ್ಲ. ಭಯ ಎಲ್ಲಿತ್ತೋ ಅಲ್ಲೇ ಇದೆ. ಹಿಂದೆ ಒಬ್ಬಳೇ ಹೆದರುತ್ತಿದ್ದೆ, ಈಗ ನಾಲ್ಕು ಜನರ ಜತೆ ಸೇರಿ ಹೆದರುತ್ತೇನೆ, ಅಷ್ಟೇ.

ಮಗು ಮನೆಗೆ ಬಂದು, ಸ್ವಲ್ಪ ಮೈಕೈ ತುಂಬಿಕೊಂಡ ಮೇಲೆ, ಇನ್ನು ಎಣ್ಣೆ ಹಚ್ಚಬಹುದು ಎಂದು ಡಾಕ್ಟರು ಹೇಳಿದರು. ಕಾಲಿಗೂ ಕೈಗೂ ನನ್ನ ಬೆಣ್ಣೆ ಎಂದಳು ಸಂಧ್ಯಾ. ನೆತ್ತಿಗೆ ಮಾತ್ರ ಹರಳೆಣ್ಣೆ, ಅದೂ ಮನೆಯಲ್ಲೇ ತೆಗೆದದ್ದು ಎಂದೆ ನಾನು. ಅಂಗಡಿಯಲ್ಲಿ ಸಿಗುತ್ತಲ್ಲಮ್ಮ ಎಂದರೂ ಕೇಳಲಿಲ್ಲ. ಮಂಜುನಾಥನಿಗೆ ಹೇಳಿ ಹೊಸ ಹರಳು ತರಿಸಿದೆ. ಹಿತ್ತಲೂ ಇಲ್ಲ, ಕಲ್ಲಿನ ಒಲೆಯೂ ಇಲ್ಲ. ಗ್ಯಾಸಿನ ಮೇಲೆ ಹುರಿದೆ, ಹಳೆಯ ಕುಟ್ಟಾಣಿ ಹುಡುಕಿ ಕುಟ್ಟಿದೆ. ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಯಲಿಟ್ಟೆ. ಅಜ್ಜಿ ಎಷ್ಟು ನೀರು ಹಾಕುತ್ತಿದ್ದರೋ ಗೊತ್ತಿಲ್ಲ. ನಾನು ಕೂತಿದ್ದದ್ದು ಓಣಿಯ ಮೆಟ್ಟಿಲ ಮೇಲಲ್ಲವೇ, ಪಾತ್ರೆಯ ಹತ್ತಿರ ನನ್ನನ್ನು ಬಿಟ್ಟವರಾರು?

ಕುದಿಯಿತು, ಕುದಿಯಿತು, ಬರೀ ಬೂದುಬಣ್ಣದ ನೊರೆ. ಎಣ್ಣೆಯ ಸುಳಿವೇ ಇಲ್ಲ. ಹರಳು ಹಳೆಯದನ್ನೇ ಕೊಟ್ಟರೇನೋ, ಹುರಿದದ್ದು ಹೆಚ್ಚಾಯಿತೇನೋ, ಕಡಿಮೆಯಾಯಿತೇನೋ ಎಂದು ಸೌಟು ಹಿಡಿದು ಬೆವರುತ್ತಾ ನಿಂತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಸದ್ದಾಯಿತು. ಸಂಧ್ಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಶಿಯಾ ಬೆಣ್ಣೆ ತಿಕ್ಕಿದ ಆ ಪುಟ್ಟ ಕಾಲು ಬೆಳಕಿಗೆ ಮಿಂಚುತ್ತಿತ್ತು, ಸುಮ್ಮನೆ ಗಾಳಿಯನ್ನು ಒದೆಯುತ್ತಿತ್ತು. ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೇಳಲೋ ಬೇಡವೋ ಎಂಬಂತೆ ಸ್ವಲ್ಪ ತಡೆದು, ಮೆಲ್ಲಗೆ ಕೇಳಿಯೇಬಿಟ್ಟಳು.

“ಬಂತಾ ಅಮ್ಮ?”

“ಇನ್ನೂ ಇಲ್ಲ ಕಣೇ,” ಎಂದೆ. “ಕೇಳ್ತಾ ಇರು.”